ಬೆನ್ನಿಗೆ ಗೊತ್ತಾಗಬೇಕು

ಪೆರ್ಲದ ಪೇಟೆ, ಔಷಧಿ ಅಂಗಡಿಯ ಮೇಲಿನ ಕೋಣೆ,
ಎರಡು ಕಂಪ್ಯೂಟರ್, ಒಂದು ಕೆಮ್ಮುವ ಪ್ರಿಂಟರ್, ನಾನು.
ಹೊರಗಿನ ಬೋರ್ಡಿನಲ್ಲಿ ಮಲಯಾಳ ಮೇಲೆ, ಕನ್ನಡ ಕೆಳಗೆ;
ಪೈಂಟರ್ ವಿನ್ಸಿ ಎರಡನ್ನೂ ಗೇಣೆತ್ತರಕ್ಕೇ ಎಳೆದು
‘ಜಗಳ ಬೇಡ ಲಿಲ್ಲಿಬಾಯಿ’ ಎಂದು ಏಣಿ ಇಳಿದಿದ್ದ.

ವಾಚನಾಲಯದವರು ತಂದುಕೊಟ್ಟದ್ದು ಸುರಂಗಗಳ ಲೆಕ್ಕ.
ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದು ನೀರು ತಂದವರ ಸಂಗತಿ.
ಬರೆದದ್ದು ಒಂಬತ್ತು ಮಂದಿ ಮಾಸ್ಟ್ರು, ಒಂಬತ್ತು ಚಾಳಿ.
ಒಬ್ಬರಿಗೆ ತಲೆಬರಹ ದಪ್ಪವೇ ಆಗಬೇಕು,
ಒಬ್ಬರಿಗೆ ಕೆಂಪು, ಕೆಳಗೆ ಜೋಡಿ ಗೆರೆ,
ಡ್ರಾಯಿಂಗ್ ಮಾಸ್ಟ್ರಿಗೆ ಎರಡೂ ಬದಿ ಹೂವು.
ಒಬ್ಬರ ಉಪಶೀರ್ಷಿಕೆ ಇನ್ನೊಬ್ಬರ ಅಧ್ಯಾಯಕ್ಕಿಂತ ದೊಡ್ಡದು,
ಮರಿ ತಾಯಿಯನ್ನು ಹೊತ್ತು ನಡೆದ ಹಾಗೆ.

ನಾನೂ ಉದಾಸೀನದಲ್ಲೇ ಇದ್ದೆ.
ಯಾರು ನೋಡುತ್ತಾರೆ? ಓದುವವ ಹೇಗೂ ಓದುತ್ತಾನೆ.

ಆಗ ಬಂದರು ಅಂಬು ಮಣಿಯಾಣಿ,
ಮೆಟ್ಟಿಲಿಗೊಮ್ಮೆ ನಿಂತು, ಉಸಿರು ಕೂಡಿಸಿ.
ಪುಸ್ತಕದಲ್ಲಿ ತಾನು ಉಂಟಂತೆ, ಎಲ್ಲಿ ಎಂದು ನೋಡಲಿಕ್ಕೆ.
ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು
ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೇಳಿದರು:
‘ಇದರಲ್ಲಿ ತಾಯಿ ಸುರಂಗ ಯಾವುದು, ಕವಲು ಯಾವುದು?’

ತೋರಿಸಹೊರಟೆ.
ನನಗೇ ಸಿಕ್ಕಲಿಲ್ಲ.

ಅವರು ನಗಲಿಲ್ಲ. ಎದ್ದು ನಿಂತು
ಅಂಗೈಯನ್ನು ನೆತ್ತಿಯ ಮೇಲೆ ಚಪ್ಪಟೆ ಹಿಡಿದರು:
‘ತಾಯಿ ಸುರಂಗ ಇಷ್ಟು. ಆಳುದ್ದ, ಮೇಲೆ ನಾಲ್ಕು ಬೆರಳು.
ಕವಲಿಗೆ ಬಗ್ಗಬೇಕು, ಹೆಗಲು ಮುರಕಲ್ಲಿಗೆ ಉಜ್ಜಬೇಕು.
ಕವಲಿನ ಕವಲಿಗೆ ಮೊಣಕಾಲು.
ಬಾಯಾರಿನಲ್ಲಿ ತೋಡಿದರೂ ಅದೇ, ಮುಳ್ಳೇರಿಯದಲ್ಲೂ ಅದೇ.
ಯಾಕೆ ಗೊತ್ತುಂಟಾ?
ಮೂವತ್ತು ಕೋಲು ಒಳಗೆ ಗೆರಟೆಯ ದೀಪ ಫಕ್ಕನೆ ಹೋಗುತ್ತದೆ.
ಗಾಳಿ ಮುಗಿಯಿತು ಅಂತ ಅರ್ಥ.
ಆಗ ಕಣ್ಣು ಕೆಲಸಕ್ಕೆ ಬಾರದು,
ಎಲ್ಲಿದ್ದೇನೆ ಅಂತ ಬೆನ್ನಿಗೆ ಗೊತ್ತಾಗಬೇಕು.
ಅಳತೆ ಇಡುವುದು ಚಂದಕ್ಕಲ್ಲ ಬಾಯಿ,
ಹೊರಗೆ ಬರಲಿಕ್ಕೆ.’

ಚಹಾ ತರಿಸಿದೆ. ಅರ್ಧ ಕುಡಿದು ಹೋದರು.

ಆ ರಾತ್ರಿ ಹೂವುಗಳನ್ನೆಲ್ಲ ಕಿತ್ತೆ.
(ಡ್ರಾಯಿಂಗ್ ಮಾಸ್ಟ್ರು ಈಗಲೂ ಮಾತಾಡುವುದಿಲ್ಲ.)
ಮನೆಯ ಹೆಸರು ಇಪ್ಪತ್ತರಲ್ಲಿ, ದಪ್ಪ, ಮೇಲೆ ಎರಡು ಸಾಲು ಜಾಗ.
ತೋಡಿದವರು, ಉದ್ದ, ಬೇಸಿಗೆಯ ನೀರು ಹದಿನಾಲ್ಕರಲ್ಲಿ.
ಕವಲುಗಳು ಹನ್ನೆರಡು, ಓರೆ, ಬೆರಳಗಲ ಒಳಕ್ಕೆ.
ಕೆಂಪು ಹೋಯಿತು, ಜೋಡಿ ಗೆರೆ ಹೋಯಿತು,
ಕೆಲವರು ಹೆಸರಿನ ಮುಂದೆ ಚುಕ್ಕಿ ಇಟ್ಟಿದ್ದರು,
ಕೆಲವರು ಮರೆತಿದ್ದರು; ಎಲ್ಲ ಚುಕ್ಕಿಯನ್ನೂ ಒರೆಸಿದೆ.
ಎಪ್ಪತ್ತನೇ ಪುಟದ ಹೊತ್ತಿಗೆ
ಕವಲು ಬಂದಲ್ಲಿ ನನ್ನ ಬೆನ್ನು ತಾನಾಗಿ ಬಗ್ಗುತ್ತಿತ್ತು.

ಬೆಳಿಗ್ಗೆ ಕಾರ್ಯದರ್ಶಿಯ ಫೋನು:
‘ನೀರು ಸಿಗದ್ದು ನಾಲ್ಕು ಉಂಟಲ್ಲ,
ಅವನ್ನು ಕೊನೆಗೆ ಒಟ್ಟಿಗೆ ಸಣ್ಣದರಲ್ಲಿ ತುಂಬಿಸಿಬಿಡಿ.
ಕಾಗದ ಉಳಿಯುತ್ತದೆ.’

ನಾಲ್ಕರಲ್ಲಿ ಒಂದು ಪೊಸಡ್ಕ ಮನೆಯದು.
ಅರುವತ್ತೆರಡು ಕೋಲು.
ತೋಡಿದವರು: ಅಂಬು ಮಣಿಯಾಣಿ, ತಮ್ಮ ಕೊಟ್ಟನ್.
ಬೇಸಿಗೆಯ ನೀರು ಎಂಬಲ್ಲಿ ಒಂದು ಅಡ್ಡಗೆರೆ.
ಕೊಟ್ಟನ್ ಹೆಸರಿನ ಪಕ್ಕ ಮಾಸ್ಟ್ರು ಏನೋ ಬರೆದು
ಓದಲಾರದಷ್ಟು ಹೊಡೆದುಹಾಕಿದ್ದಾರೆ.

ಪಕ್ಕದ ಮನೆಯ ಹುಡುಗನ ಫೋನಿನಲ್ಲಿ ಅಂಬು ಮಣಿಯಾಣಿ ಸಿಕ್ಕರು.
ತುಂಬ ಹೊತ್ತು ಬರೀ ಕೋಳಿಗಳ ಸದ್ದು.
ಮತ್ತೆ, ‘ನೀರಿಲ್ಲ ಅಂತ ಗೊತ್ತಾದದ್ದು ಕೊನೆಗಲ್ಲವಾ.
ತೋಡುವಾಗ ಆಳುದ್ದವೇ ತೋಡಿದ್ದು.’

ಇಪ್ಪತ್ತು. ದಪ್ಪ. ಮೇಲೆ ಎರಡು ಸಾಲು ಜಾಗ.
ಕೆಳಗೆ ಬರೆಯಲು ಹೆಚ್ಚೇನೂ ಇಲ್ಲ,
ಮುಕ್ಕಾಲು ಪುಟ ಬಿಳಿ.

ಪ್ರೂಫ್ ನೋಡಿದ ಕಾರ್ಯದರ್ಶಿ
ಇಲ್ಲೊಂದು ಚಿತ್ರ ಹಾಕಬಹುದಿತ್ತು ಅಂದರು.
ಹಾಕಬಹುದಿತ್ತು.